ಬಾನೆಟ್ಟಿನ ಮೇಲಿನ ಜಾಗ

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಡಾಕ್ಟರ್ ಸುಂದರೇಶ ಕಂಡಕ್ಟರ್ ಕೆರಿಯಪ್ಪನ ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಉಂಡೆಯನ್ನು ಮತ್ತೊಮ್ಮೆ ಒತ್ತಿದರು. ಮೊದಲ ಸಲ ಬಂದ ಫಲ ಅವರಿಗೆ ಹಿಡಿಸಿರಲಿಲ್ಲ. ಈ ಸಲವೂ ಅದೇ ಬಂತು. ರಕ್ತದ ಒತ್ತಡ ಹೆಚ್ಚು, ನಾಡಿ ಓಡುತ್ತಿತ್ತು. ಅಳತೆಯ ಸರದಿ ಮುಗಿಸಿದ ಡ್ರೈವರ್ ರಾಮಚಂದ್ರಪ್ಪ ಪಕ್ಕದ ಬೆಂಚಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ. ಅವನ ನಾಡಿ ಬಾವಿಯ ನೀರಿನಂತೆ ಶಾಂತವಾಗಿತ್ತು.

ಲಂಡನ್ನಿನಲ್ಲಿ ಹೀಗಿರಲಿಲ್ಲ. ಅಲ್ಲಿಯ ಎರಡು ಮಹಡಿಯ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗೆ ಹೃದಯದ ಬೇನೆ ಹೆಚ್ಚು, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಕಡಿಮೆ ಎಂದು ಸಂಶೋಧನೆಯಾಗಿತ್ತು. ಅದನ್ನು ಓದಿದ ಮೇಲೆ ಸುಂದರೇಶರು ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದರು. ಬಸ್ಸು ತಡವಾಗದಿದ್ದರೆ ಏನು ಬೇಕಾದರೂ ಅಳೆದುಕೊಳ್ಳಿ ಎಂದು ಬಸ್ಸಿನ ಸಾಹುಕಾರರು ಒಪ್ಪಿದ್ದರು.

ದಿನವೂ ಬಸ್ಸಿನ ಟಾಪು ಹತ್ತಿ ಮೂಟೆ ಇಳಿಸುವವನ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ಡಾಕ್ಟರು ಕೇಳಿದರು. ಕೆರಿಯಪ್ಪ ತೀರ್ಥಹಳ್ಳಿಯ ರಸ್ತೆಯತ್ತ ನೋಡಿದ. ಕೋಳಿಬುಟ್ಟಿ ಇಟ್ಟುಕೊಂಡು ಅದೇ ಬಸ್ಸಿಗೆ ಕಾಯುತ್ತಿದ್ದ, ವಾರವಾರ ಸಂತೆಗೆ ಹೋಗುವ ಕನ್ನಮ್ಮ ಉತ್ತರಿಸಿದಳು.

"ಎಲ್ಲಿ ಹತ್ತಿ ಇಳೀತಾನೆ ಡಾಕ್ಟ್ರೇ? ಇಲ್ಲಿಂದ ಬಸ್ಸು ಹೊರಟ್ರೆ ಸಾಕು, ಬಾನೆಟ್ ಮೇಲೆ ಕೂತ್ಕಂಡ್ ಬಿಡ್ತಾನೆ. ತೀರ್ಥಹಳ್ಳಿ ಬರೋತನ್ಕ ಏಳೋದಿಲ್ಲ. ಮದುವೆ ಗಂಡು ನೋಡಿ."

ಅದು ನಿಜ. ಡ್ರೈವರನ ಪಕ್ಕದಲ್ಲಿ ಎಂಜಿನ್ನನ್ನು ಮುಚ್ಚಿದ ಬಾನೆಟ್ಟಿನ ಮೇಲಿನ ಜಾಗ ಸಾಹುಕಾರರ ನೆಂಟರಿಗೆ ಮೀಸಲು. ಕಳೆದ ದೀಪಾವಳಿಯಿಂದ ಈಚೆಗೆ ಕೆರಿಯಪ್ಪ ಅವರನ್ನೂ ಏಳಿಸಿ ತಾನು ಕೂರುತ್ತಿದ್ದ. ಡಾಕ್ಟರಿಗೆ ಸಮಾಧಾನವಾಯಿತು. ಲಂಡನ್ನು ತಪ್ಪಿರಲಿಲ್ಲ, ಈ ಕಂಡಕ್ಟರ್ ಕೂತುಕೊಂಡು ಕೆಟ್ಟಿದ್ದ. ಸಾಗರಕ್ಕೆ ಮರಳಿ ಸಾಹುಕಾರರಿಗೆ ಹಾಗೆಯೇ ತಿಳಿಸಿದರು. ಕನ್ನಡಕ ಕೊಂಡ ಡ್ರೈವರನೊಬ್ಬನನ್ನು ಹಿಂದಿನ ವರ್ಷವೇ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದ ಸಾಹುಕಾರರು ಆಳುಗಳ ಆರೋಗ್ಯವನ್ನು ಹಗುರಾಗಿ ತೆಗೆದುಕೊಳ್ಳುವವರಲ್ಲ. ಕಂಡಕ್ಟರ್ ಇನ್ನು ಕೂರಕೂಡದು, ಹಿಂದಿನ ಬಾಗಿಲಲ್ಲಿ ನಿಂತಿರಬೇಕು ಎಂದು ಅಪ್ಪಣೆಯಾಯಿತು.

ಮರುವಾರದ ಸಂತೆಯ ದಿನ ಡಾಕ್ಟರೂ ಬಸ್ಸು ಹತ್ತಿದರು. ಹೊಸನಗರ ದಾಟಿದ ಮೇಲೆ, ಟಿಕೆಟ್ಟು ಕೊಟ್ಟು ಮುಗಿದಿದ್ದರೂ ಕೆರಿಯಪ್ಪ ಬಸ್ಸಿನೊಳಗೆ ಮತ್ತೆ ಮತ್ತೆ ಮುಂದಕ್ಕೆ ಬರುತ್ತಿದ್ದ. ಡಾಕ್ಟರನ್ನು ಕಂಡು ಹಿಂದಕ್ಕೆ ಹೋಗುತ್ತಿದ್ದ. ಒಳ್ಳೆಯ ವ್ಯಾಯಾಮ ಎಂದು ಡಾಕ್ಟರು ತಲೆದೂಗಿದರು. ಕಾಡು ಕಳೆದು ದೊಡ್ಡ ಇಳಿಜಾರು ಶುರುವಾಗುವಲ್ಲಿ ರಾಮಚಂದ್ರಪ್ಪ ಬಸ್ಸು ನಿಲ್ಲಿಸಿ ಎಂಜಿನ್ ಆರಿಸಿದ.

"ಕೆರಿಯಾ, ಮುಂದೆ ಬಾ."

"ಸಾಹುಕಾರ್ರು ಬ್ಯಾಡ ಅಂದಿದಾರಣ್ಣ."

"ನೀ ಬರ್ದೆ ನಾ ಬಸ್ ಇಳ್ಸೋದಿಲ್ಲ."

ನಿಂತಿರುವುದರಿಂದ ಕೆರಿಯಪ್ಪನ ಹೃದಯಕ್ಕೆ ಆಗುವ ಲಾಭವನ್ನು ಡಾಕ್ಟರು ವಿವರಿಸಿದರು. ರಾಮಚಂದ್ರಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮುಂದಿನ ಗಾಜನ್ನೇ ನೋಡುತ್ತ ಹೇಳಿದ:

"ದೀಪಾವಳಿ ಹೊತ್ನಲ್ಲಿ ಇದೇ ಇಳಿಜಾರಲ್ಲಿ ನನ್ನ ಎದೆ ಹಿಡ್ಕಂತು. ಕಣ್ಣು ಕತ್ಲೆ ಬಂತು. ಕೈಬ್ರೇಕ್ ಎಳ್ದು ಬಸ್ಸು ನಿಲ್ಸಿದ್ದು ಇವ್ನು, ಡಾಕ್ಟ್ರೇ. ನಾನು ಸೀಟಲ್ಲಿದ್ದೆ, ಅಷ್ಟೆ."

ಕನ್ನಮ್ಮನ ಬುಟ್ಟಿಯೊಳಗೆ ಕೋಳಿ ಒಮ್ಮೆ ಮಗ್ಗುಲು ಬದಲಿಸಿತು. ಆ ದಿನದಿಂದ ಈ ದಿನದವರೆಗೆ ಡ್ರೈವರೂ ಕಂಡಕ್ಟರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಒಬ್ಬ ಕೆಲಸ ಬಿಡಬೇಕಾಗುತ್ತಿತ್ತು, ಇಲ್ಲವೇ ಇನ್ನೊಬ್ಬ ಸಾಹುಕಾರರಿಗೆ ತಿಳಿಸಬೇಕಾಗುತ್ತಿತ್ತು.

ಡಾಕ್ಟರು ತಮ್ಮ ಪೆಟ್ಟಿಗೆಗೆ ಕೈಹಾಕಿ ಬರಿಗೈಯನ್ನೇ ಹೊರತೆಗೆದರು. ನೀವು ಇನ್ನು ಬಸ್ಸು ಓಡಿಸಬಾರದು ಎಂದರು. ರಾಮಚಂದ್ರಪ್ಪ ಒಪ್ಪಿದ. ಆದರೆ ಅಲ್ಲಿದ್ದವರಲ್ಲಿ ಬೇರೆ ಯಾರಿಗೂ ಬಸ್ಸು ಓಡಿಸಲು ಬರುತ್ತಿರಲಿಲ್ಲ. ತೀರ್ಥಹಳ್ಳಿಯ ಸ್ಟ್ಯಾಂಡಿಗೆ ಮುಟ್ಟಿಸಿ ಕೀಲಿ ಕೊಡುತ್ತೇನೆ, ಸಾಹುಕಾರರ ಬಸ್ಸನ್ನು ಕಾಡಿನ ಬಾಯಲ್ಲಿ ಬಿಟ್ಟು ಹೋದವನೆಂಬ ಹೆಸರು ಬೇಡ ಎಂದ.

ಮೊದಲು ಎದ್ದವಳು ಕನ್ನಮ್ಮ.

"ನಡೆದ್ರೆ ಎದೆಗೆ ಒಳ್ಳೇದಂತಲ್ಲ. ಇಳೀರಿ ಎಲ್ರೂ," ಎಂದಳು. ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳಿ ಎಂದು ಕೋಳಿಬುಟ್ಟಿಯನ್ನು ಡಾಕ್ಟರ ಕೈಗೆ ಕೊಟ್ಟವಳು ಅದನ್ನು ವಾಪಸು ಕೇಳಲೇ ಇಲ್ಲ.

ಬಸ್ಸು ಮನುಷ್ಯರ ನಡಿಗೆಯ ವೇಗದಲ್ಲಿ ಇಳಿಯತೊಡಗಿತು. ಜನ ಮೂಟೆ, ಕೊಡೆ, ಮಕ್ಕಳನ್ನು ಹೊತ್ತು ಹಿಂದೆ ನಡೆದರು. ಡಾಕ್ಟರು ಡ್ರೈವರನ ಬಾಗಿಲಿನ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಒಳಗೆ ಇಬ್ಬರೂ ನೇರ ರಸ್ತೆಯನ್ನು ನೋಡುತ್ತಿದ್ದರು. ಬಾನೆಟ್ಟಿನ ಮೇಲೆ ಕೂತ ಕೆರಿಯಪ್ಪನ ಬಲಗೈ ಕೈಬ್ರೇಕಿನ ಮೇಲಿತ್ತು. ಈಗ ಆ ಕೈಯ ನಾಡಿಯನ್ನು ನೋಡಬೇಕು ಎಂದು ಡಾಕ್ಟರಿಗೆ ಅನ್ನಿಸಿತು. ಅವರ ಎರಡೂ ಕೈಗಳಲ್ಲಿ ಕೋಳಿಬುಟ್ಟಿಯಿತ್ತು.