ಸ್ಪ್ರೇಯರಿಗೆಂದು ತಂದ ವಿಭೂತಿ

ನೀರಲ್ಲಿ ಕಲಸಿದ ವಿಭೂತಿಯಲ್ಲಿ ಅದ್ದಿದ ಕಲ್ಲಮ್ಮನ ಮೂರು ಬೆರಳುಗಳು ಸ್ಟೀಲ್ ಡ್ರಮ್ಮಿನ ಮುಂದೆ ತಡೆದು ನಿಂತವು. ತೋಟಕ್ಕೆ ಯಾವ ಯಂತ್ರ ಬಂದರೂ, ಅದಕ್ಕೇನೂ ಆಗದಿರಲೆಂದು ಅವಳು ವಿಭೂತಿ ಬಳಿದ ಮೇಲೆಯೇ ಕೆಲಸ. ಇದು ಔಷಧಿ ಹೊಡೆಯುವ ಹೊಸ ಸ್ಪ್ರೇಯರೆಂದು ಮಗ ಪ್ರಸನ್ನಕುಮಾರ್ ಹೇಳಿದ್ದ.

ನಿಜಕ್ಕೂ ಅವನು ಅದನ್ನು ಜೋಡಿಸಿದ್ದು ತಾನೇ ಮಾಡಿದ ಬಿಯರ್ ತುಂಬಿಡುವುದಕ್ಕೆ. ಡ್ರಮ್ಮು ಚಿಕ್ಕಮಗಳೂರಿನ ಗುಜರಿಯದು, ನಲ್ಲಿ ಮುಚ್ಚಿಹೋದ ಸೋಡಾ ಅಂಗಡಿಯದು, ನೊರೆ ಬರಿಸುವ ಗ್ಯಾಸ್ ಸಿಲಿಂಡರೊಂದೇ ಹೊಸದು. ಅಷ್ಟು ಅಗ್ಗದಲ್ಲಿ ಮುಗಿಸಿದೆನೆಂದು ಬೆಳಗಿನಿಂದ ಬೀಗುತ್ತಿದ್ದ. ಈಗ ಆ ಹಳೆಯ ನಲ್ಲಿಯಿಂದಲೇ ನೊರೆ ತೊಟ್ಟಿಕ್ಕುತ್ತಿತ್ತು.

ಕಲ್ಲಮ್ಮ ಬಗ್ಗಿ ಮೂಸಿದಳು. "ಇದು ಔಷಧಿ ವಾಸನೆ ಅಲ್ವಲ್ಲೋ. ನಿಮ್ಮಪ್ಪನ ಅಂಗೀಲಿ ಬರ್ತಿತ್ತಲ್ಲ, ಅದು."

"ಬರೀ ಬಿಯರ್ ಅಮ್ಮ. ಭಾನುವಾರ ಒಂದು ಲೋಟ, ಅಷ್ಟೇ."

"ಅವ್ರೂ ಹಂಗೇ ಅಂತಿದ್ರು ಮಾರಾಯ. ಕೊನೇಗೆ ಕುಡಿದೇ ಹೋದ್ರು."

ಪ್ರಸನ್ನಕುಮಾರ್ ಬೈಗುಳಕ್ಕೆ ಕಾದು ತಲೆ ತಗ್ಗಿಸಿದ. ವಿಭೂತಿ ಬೆರಳಲ್ಲೇ ಒಣಗತೊಡಗಿತ್ತು.

"ಡ್ರಮ್ಮಿಗೇನೂ ಆಗಲ್ಲ ಬಿಡು," ಎಂದಳು ಕಲ್ಲಮ್ಮ. ಎಡಗೈಯಿಂದ ಮಗನ ಗಲ್ಲ ಹಿಡಿದೆತ್ತಿ, ಆ ಮೂರು ಬೆರಳುಗಳನ್ನು ಅವನ ಹಣೆಯ ಮೇಲೆ ಒತ್ತಿ ಎಳೆದಳು.