ಹೆಸರು ಬದಲಾವಣೆ

“ದುಡ್ಡು ವಾಪಸ್ ಬರಲ್ಲ ಸರ್. ಡೇಟೂ ಬದಲಾಗಲ್ಲ. ಬೇಕಾದ್ರೆ ಹೆಸರು ಬದಲಾಯಿಸಬಹುದು,” ಎಂದು ಟ್ರಾವೆಲ್ಸಿನ ಸಹನಾ ಹೇಳಿದಾಗ ನಿಂಗರಾಜು ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಪಕ್ಕದಲ್ಲಿ ಅವನ ಹೆಂಡತಿ ಪ್ರೇಮಲತಾ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಹರಿಹರದಿಂದ ದಾವಣಗೆರೆಯವರೆಗೂ ಬಸ್ಸಿನಲ್ಲಿ ತೂಕಡಿಸಿದ್ದರೂ ಕಣ್ಣುರಿ ಹೋಗಿರಲಿಲ್ಲ.

ಅತ್ತೆ ಮರಿಯವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆಗಿತ್ತು. ಮಗ್ಗುಲು ಬದಲಾಯಿಸಲು, ಉಣಿಸಲು, ಒರೆಸಲು ಪ್ರೇಮಲತಾಳೇ ಬೇಕು. ಈಗಲೂ ಪಕ್ಕದ ಮನೆಯ ಶಕುಂತಲಮ್ಮನನ್ನು ಕೂರಿಸಿ ಬಂದಿದ್ದಳು. ಸಿಂಗಾಪುರದಿಂದ ಇವರ ಪ್ರವಾಸದ ಹಡಗು ಹೊರಡುವುದು ಮುಂದಿನ ತಿಂಗಳು. ಅಲ್ಲಿ ನರ್ಸ್ ಆಗಿರುವ ಪ್ರೇಮಲತಾಳ ತಂಗಿ ಲಕ್ಷ್ಮೀದೇವಿಗೂ ಅವಳ ಗಂಡನಿಗೂ ಒಂದು ಕೋಣೆ, ಇವರಿಬ್ಬರಿಗೆ ಪಕ್ಕದ ಕೋಣೆ ಎಂದು ಗೊತ್ತಾಗಿತ್ತು. ಅಕ್ಕ ತಂಗಿ ಒಂದೇ ಕಡೆ ನಾಲ್ಕು ದಿನ ಇದ್ದು ಯಾವ ಕಾಲವಾಯಿತೋ.

“ಅದೇ ಹಡಗು ಅಲ್ಲೇನಮ್ಮ?” ನಿಂಗರಾಜು ಕೇಳಿದ. “ಅಕ್ಕ ಬರಾಕಾಗಲ್ಲ ಅಂತ ನಮ್ಮ ನಾದಿನಿ ನಿನ್ನೆ ಕುಂತಲ್ಲೇ ಫೋನಾಗೆ ಡೇಟ್ ಮುಂದಕ್ಕೆ ಹಾಕ್ಕೊಂಡ್ಳಂತೆ. ಒಂದು ಪೈಸೆ ಕೇಳ್ಲಿಲ್ಲಂತೆ. ಅವರಿಗೊಂದು ರೂಲು, ನಮಗೊಂದು ರೂಲಾ?”

“ಹಡಗು ಒಂದೇ ಸರ್. ಆದ್ರೆ ಟಿಕೆಟ್ ಯಾವ ದೇಶದಾಗೆ ತಗೊಂಡಿರ್ತೀವೋ ಆ ದೇಶದ ರೂಲು. ಅಲ್ಲಿ ಸ್ವಲ್ಪ ಮುಂಗಡ ಕೊಟ್ಟು ಹಿಡಿದಿಟ್ರೆ ಸಾಕು, ಮೊದಲೇ ಹೇಳಿದ್ರೆ ಮುಂದಕ್ಕೆ ಹಾಕ್ತಾರೆ. ರೇಟೂ ಕಮ್ಮಿ. ಇಲ್ಲಿ ಆಫರ್ ಟಿಕೆಟ್ ಪೂರ್ತಿ ಕಟ್ಟಿದ ಮೇಲೆ ಮುಗೀತು.”

“ಹಂಗಾರೆ ಅವಳ ಕೈಲೇ ಮಾಡಿಸಬೇಕಿತ್ತು.”

“ಆ ರೇಟು ಅಲ್ಲಿ ವಾಸದ ಕಾರ್ಡ್ ಇದ್ದೋರಿಗೆ ಅಷ್ಟೇ. ಬಂದರಿನಾಗೆ ಕಾರ್ಡ್ ಕೇಳ್ತಾರೆ, ಇಲ್ಲಾಂದ್ರೆ ಹತ್ತಿಸಲ್ಲ. ಅಕ್ಕಾರಿಗೆ ಅವತ್ತೇ ಹೇಳಿದ್ದೆ.”

ಪ್ರೇಮಲತಾ ಕಣ್ಣು ತೆರೆಯದೆ ತಲೆಯಾಡಿಸಿದಳು. ಹೇಳಿದ್ದು ನಿಜ. ಆದರೆ ಅವತ್ತು ಅತ್ತೆ ದಿನಾ ಬೆಳಗ್ಗೆ ಹೊಳೆಯವರೆಗೂ ಒಬ್ಬಳೇ ನಡೆದು ಬರುತ್ತಿದ್ದಳು. ಕಟ್ಟಿದ ದುಡ್ಡು ವಾಪಸ್ ಕೇಳುವ ದಿನ ಬರುತ್ತದೆಂದು ಯಾರು ಅಂದುಕೊಳ್ಳುತ್ತಾರೆ?

ನಿಂಗರಾಜು ಎದ್ದು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ಮುಖ ಸ್ವಲ್ಪ ಅರಳಿತ್ತು. “ಕುಬೇರ ಬರ್ತಾನಂತೆ. ಪಾಸ್‌ಪೋರ್ಟ್ ಐತೆ ಅವನ ಹತ್ರ. ಸುಮ್ನೆ ಹಾಳಾಗೋದು ಯಾಕ? ಇವಳ ಹೆಸರು ತೆಗೆದು ಅವನದು ಹಾಕ್ರಿ.”

ಕುಬೇರಪ್ಪ ಅವನ ಸ್ವಂತ ತಮ್ಮ, ಮರಿಯವ್ವನ ಕಿರಿಮಗ. ಇದೇ ದಾವಣಗೆರೆಯಲ್ಲಿ ಮನೆ. ತಾಯಿಯನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ಒಮ್ಮೆ ಸೇಬು ಹಿಡಿದು ಬಂದು, ಮಂಚದ ಹತ್ತಿರ ನಿಂತು, “ಹೆಂಗಿದೀಯವ್ವ” ಎಂದು ಕೇಳಿ, ಕೊಟ್ಟ ಚಹಾ ಪೂರ್ತಿ ಕುಡಿಯದೆ ಹೋಗಿದ್ದ.

ಸಹನಾ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. “ಜಾಗ ಬಿಟ್ಟುಕೊಡೋರು ಒಪ್ಪಬೇಕು ಅಕ್ಕ. ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತೆ. ಅದನ್ನ ಹೇಳ್ರಿ.”

ಪ್ರೇಮಲತಾಳ ಫೋನು ಸದ್ದು ಮಾಡಿತು. ಅವಳು ಕಣ್ಣು ತೆರೆದು ನಂಬರು ನೋಡಿದಳು. ಆಮೇಲೆ ಫೋನನ್ನು ಬ್ಯಾಗಿನೊಳಗೆ ಹಾಕಿದಳು.

“ಹೇಳು,” ಎಂದ ನಿಂಗರಾಜು.

“ಬ್ಯಾಡ.”

“ಏನು ಬ್ಯಾಡ?”

“ಹೆಸರು ತೆಗೆಸೋದು ಬ್ಯಾಡ. ನಾನಂತೂ ಬರಾಕಾಗಲ್ಲ, ನೀವು ಹೋಗ್ರಿ. ನನ್ನ ಜಾಗ ಖಾಲಿ ಹೋಗ್ಲಿ.”

“ಖಾಲಿ ಹೋದ್ರೆ ಯಾರಿಗೆ ಲಾಭ?”

“ಯಾರಿಗೂ ಇಲ್ಲ,” ಎಂದಳು. ಮನೆಯಲ್ಲಿ ಹಾಲು ಮುಗಿದಿದೆ ಎನ್ನುವಾಗ ಇರುವಷ್ಟೂ ಬೇಸರ ಆ ದನಿಯಲ್ಲಿರಲಿಲ್ಲ. “ಮದುವ್ಯಾಗಿ ಬಂದ ಮ್ಯಾಲೆ ನನ್ನ ಹೆಸರಿಗೆ ಅಂತ ಒಂದು ಹಾಸಿಗೆ ಆಗಿದ್ದು ಇದೇ ಮೊದಲು. ಅದ್ರಾಗೆ ಬ್ಯಾರೆ ಯಾರೂ ಮಲಗಾದು ಬ್ಯಾಡ.”

ಸಹನಾ ಪರದೆಯನ್ನೇ ನೋಡುತ್ತ ಕೂತಳು. ನಂಬರಿನ ಅವಧಿ ಮುಗಿಯಿತು.

ವಾಪಸ್ ಬರುವಾಗ ಬಸ್ಸು ಊರು ದಾಟಿದ ಮೇಲೆ ನಿಂಗರಾಜು, “ನಾನೂ ಹೋಗಲ್ಲ ಬಿಡು,” ಎಂದ. ಅವಳು ಕಿಟಕಿಯ ಸರಳಿಗೆ ಹಣೆಯೊರಗಿಸಿದ್ದಳು. “ಹೋಗ್ರಿ. ಒಬ್ರಾದ್ರೂ ಸಮುದ್ರ ನೋಡಿ ಬರ್ರಿ,” ಎಂದು ಹೇಳಿ ನಿದ್ದೆಹೋದಳು. ಕುಬೇರಪ್ಪ ಸಿಟ್ಟು ಮಾಡಿಕೊಂಡ. ತಾಯಿಯನ್ನು ನೋಡಲು ಮತ್ತೆ ಬರಲೇ ಇಲ್ಲ. ನಿಂಗರಾಜು ದಿನ ಬಂದಾಗ ಹೊರಟ.

ಹಡಗು ಹತ್ತಿದ ಸಂಜೆ ಅವನು ವಿಡಿಯೋ ಕಾಲ್ ಮಾಡಿದ. ಪ್ರೇಮಲತಾ ಅತ್ತೆಯನ್ನು ಎಡಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಪೌಡರ್ ಹಾಕುತ್ತಿದ್ದಳು. “ಯಾರು, ನಿಂಗನಾ?” ಎಂದು ಮರಿಯವ್ವ ಗೋಡೆಯ ಕಡೆ ಮುಖವಿಟ್ಟೇ ಕೇಳಿದಳು. ಪ್ರೇಮಲತಾ ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ಹತ್ತಿರ ಹಿಡಿದಳು. ದುಂಡನೆಯ ಕಿಟಕಿ, ಅದರಾಚೆ ನೀರು. ಈಚೆಗೆ ಎರಡು ಹಾಸಿಗೆ. ಒಂದರಲ್ಲಿ ಅವನು ಕೂತಿದ್ದ. ಇನ್ನೊಂದರ ಮೇಲೆ ಯಾರೋ ಬಿಳಿ ಟವೆಲನ್ನು ಹಕ್ಕಿಯ ಹಾಗೆ ಮಡಚಿ ಇಟ್ಟಿದ್ದರು. ಹೊದಿಕೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಅವನ ಚೀಲ ಕೂತಿದ್ದ ಕಡೆ ಮಾತ್ರ ಸ್ವಲ್ಪ ತಗ್ಗಾಗಿತ್ತು.

“ಕಾಣ್ತೈತಾ?” ಎಂದು ಕೇಳಿದ.

“ಕಾಣ್ತೈತೆ,” ಎಂದಳು ಪ್ರೇಮಲತಾ. “ಆ ಹಾಸಿಗೆ ಮ್ಯಾಲಿಂದ ಬ್ಯಾಗ್ ತೆಗೀರಿ.”