ಅಡ್ಡ ನಿಂತ ಸ್ಕೂಟರು

ಅಂಗಳಕ್ಕೆ ನೀರು ಹಾಕಲು ಬಾಗಿಲು ತೆರೆದ ವನಜಾಕ್ಷಿ ಚೊಂಬು ಹಿಡಿದೇ ನಿಂತುಬಿಟ್ಟಳು. ಇಳಿಜಾರು ಬೀದಿಯಲ್ಲಿ ಗಂಡ ಮಾದೇಶನ ಲಾರಿಯ ಮುಂದಿನ ಚಕ್ರದಡಿ ಎದುರುಮನೆಯ ಬೊಮ್ಮೇಗೌಡನ ಸ್ಕೂಟರು ಅಪ್ಪಚ್ಚಿಯಾಗಿ ಸಿಕ್ಕಿಕೊಂಡಿತ್ತು.

ಮನೆಯವರ ಹೊಟ್ಟೆ ತುಂಬಿಸುವ ಒಂದೇ ಲಾರಿ ಅದು. ಕಳ್ಳರ ಭಯಕ್ಕೆ ಮಾದೇಶ ಕೀಯನ್ನು ದಿಂಬಿನಡಿ ಇಟ್ಟೇ ಮಲಗುತ್ತಿದ್ದ. ತನ್ನ ಮನೆ ಮುಂದೆ ಲಾರಿ ನಿಲ್ಲಿಸುತ್ತಾನೆಂಬ ಸಿಟ್ಟಿಗೆ ಬೊಮ್ಮೇಗೌಡ ಅದರ ಮೂತಿಗೆ ಅಂಟಿಸಿದಂತೆ ಸ್ಕೂಟರು ನಿಲ್ಲಿಸಿ ಮಲಗುತ್ತಿದ್ದ. ಅದನ್ನು ತೆಗೆಸಲು ದಿನವೂ ಬೆಳಗ್ಗೆ ಜಗಳ.

"ದಿನಾ ಸ್ಕೂಟರ್ ತೆಗಿ ತೆಗಿ ಅಂತಿದ್ದೆ, ಇವತ್ತು ಹತ್ತಿಸೇ ಬಿಟ್ಟೆಯಲ್ಲೋ ಮಾದೇಶ," ಎಂದ ಬೊಮ್ಮೇಗೌಡ.

ಮಾದೇಶ ಕೀ ಎತ್ತಿ ತೋರಿಸಿದ. "ನಾನು ಲಾರಿ ಮುಟ್ಟೇ ಇಲ್ಲ. ಇದು ರಾತ್ರಿಯೆಲ್ಲ ನನ್ನ ದಿಂಬಿನ ಕೆಳಗಿತ್ತು."

"ಸುಳ್ಳು ಹೇಳೋಕೂ ಒಂದು ಮಾನ ಬೇಕು. ಇನ್ನೊಂದು ದಿನ ಇಲ್ಲಿ ನಿಲ್ಲಿಸು, ಬೆಂಕಿ ಇಡ್ತೀನಿ."

"ಇಡು, ನೋಡೋಣ. ಆ ಡಬ್ಬಾ ಸ್ಕೂಟರ್ ಹಾಳಾಗಿದ್ದೇ ಒಳ್ಳೇದಾಯ್ತು."

ಪುಟ್ಟ ಮಗಳು ವನಜಾಕ್ಷಿಯ ಸೆರಗು ಜಗ್ಗುತ್ತಲೇ ಇದ್ದಳು. ರಾತ್ರಿ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಚರಂಡಿಯಲ್ಲಿ ಬಿದ್ದಿರುವುದನ್ನು, ಲಾರಿಯ ಬಾಗಿಲು ಅರೆ ತೆರೆದಿರುವುದನ್ನು ಕೈಮಾಡಿ ತೋರಿಸಿದಳು.

"ದೊಡ್ಡೋರು ಮಾತಾಡುವಾಗ ಸುಮ್ನಿರು ಕಂದಾ," ಎಂದು ವನಜಾಕ್ಷಿ ಅವಳ ತಲೆ ಸವರಿದಳು. ಅಷ್ಟರಲ್ಲಿ ಮಾದೇಶನ ಕೈ ಬೊಮ್ಮೇಗೌಡನ ಕುತ್ತಿಗೆಗೆ ಹೋಗಿತ್ತು.

ಮಗಳು ಸೆರಗು ಬಿಟ್ಟು ಓಡಿಹೋಗಿ ಇಬ್ಬರ ನಡುವೆ ನಿಂತಳು.

"ಅಪ್ಪಾ, ಕೀ ನಿನ್ನ ಹತ್ರಾನೇ ಇದ್ರೆ, ರಾತ್ರಿ ನಮ್ಮ ಲಾರಿ ತಗೊಂಡು ಹೋಗೋಕೆ ನೋಡಿದ್ದು ಯಾರು?"